ಇಪ್ಪತ್ಮೂರಕ್ಕೇ ಮುರಿದ ಕೈ

ಇಪ್ಪತ್ಮೂರನೇ ವಯಸ್ಸಿಗೆ ಒಬ್ಬರ ಖಾತೆಯಲ್ಲಿ 20 ವಿಶ್ವ ಪ್ರಶಸ್ತಿಗಳಿದ್ದವು. ಅದೇ ವರ್ಷ ಕಾರು ಅಪಘಾತದಲ್ಲಿ ಅವರ ಬಲಗೈ ಮುರಿಯಿತು. ಬ್ಯಾಟ್ ಹಿಡಿಯುವ ಕೈ ಅದೇ. ಆಮೇಲೆ ಅವರು ಸುಮಾರು 37 ವರ್ಷ ಬದುಕಿದ್ದರು. ಆ 37 ವರ್ಷ ಅವರು ಏನು ಮಾಡಿದರು, ಹೊಟ್ಟೆಪಾಡಿಗೆ ಯಾವ ದಾರಿ ಹಿಡಿದರು?

ನನಗೆ ಅವರ ಬಗ್ಗೆ ಓದಬೇಕು ಅನ್ನಿಸಿದ್ದೇ ಈ ಪ್ರಶ್ನೆಯಿಂದ. ಅವರ ಹೆಸರು ವಿಕ್ಟರ್ ಬಾರ್ನಾ. ಟೇಬಲ್ ಟೆನಿಸ್ ಆಡುವವರಲ್ಲೂ ನಮ್ಮ ವಯಸ್ಸಿನವರಿಗೆ ಈ ಹೆಸರು ಅಷ್ಟಾಗಿ ಗೊತ್ತಿಲ್ಲ. ಹಳಬರನ್ನು ಕೇಳಿ ನೋಡಿ, ಡನ್‌ಲಪ್ ಕಂಪನಿಯ ಬಾರ್ನಾ ಚೆಂಡು ಅಂದರೆ ನೆನಪಾಗುತ್ತದೆ. ನಮ್ಮ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಪುರುಷರ ತಂಡಕ್ಕೆ ಕೊಡುವ ಟ್ರೋಫಿಗೂ ಬಾರ್ನಾ–ಬೆಲಾಕ್ ಕಪ್ ಎಂದೇ ಹೆಸರು. ನಾನು ಆ ಕಪ್ಪಿನ ಹೆಸರನ್ನು ವರ್ಷಗಟ್ಟಲೆ ಕೇಳಿದ್ದೆ. ಅದರ ಹಿಂದೆ ಇಬ್ಬರು ಮನುಷ್ಯರಿದ್ದಾರೆ ಎಂದು ಹುಡುಕಿ ಓದಿದ್ದು ಕೆಲಸ ಹುಡುಕಲು ಶುರು ಮಾಡಿದ ಮೇಲೆ.

ನನ್ನ ವಿಷಯ ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಬಿ.ಕಾಂ. ಮುಗಿದು ಎರಡು ವರ್ಷವಾಯಿತು. ಬೆಳಿಗ್ಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದು, ಸಂಜೆ ಒಂದು ಹಾಲ್‌ನಲ್ಲಿ ಹನ್ನೆರಡು ಮಕ್ಕಳಿಗೆ ಟೇಬಲ್ ಟೆನಿಸ್ ಹೇಳಿಕೊಡುವುದು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದೇನೆ, ಅದಕ್ಕಿಂತ ಮೇಲೆ ಹೋಗಲಿಲ್ಲ. ಮದುವೆ ಮನೆಗಳಲ್ಲಿ ಸಿಕ್ಕವರೆಲ್ಲ ಸಂಜೆಯ ಕೆಲಸವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇನ್ನೂ ಕೆಲಸ ಸಿಗಲಿಲ್ಲವಾ ಎಂದು ಕೇಳುತ್ತಾರೆ. ಹಾಗಾದರೆ ಯಾವುದು ಕೆಲಸ, ಯಾವುದು ಅಲ್ಲ? ಬರೀ ಆಟ ಗೊತ್ತಿರುವವನು ಬದುಕು ಕಟ್ಟಿಕೊಳ್ಳಬಹುದೇ? ಬಾರ್ನಾ ಜೀವನವನ್ನು ನಾನು ಈ ಕಣ್ಣಿನಿಂದ ಓದಿದೆ. ನಿಮ್ಮ ಮುಂದಿಡುತ್ತಿರುವುದೂ ಹಾಗೆಯೇ.

ಹೆಸರು ಬದಲಿಸಿಕೊಂಡ ಹುಡುಗ

ಬಾರ್ನಾ ಹುಟ್ಟಿದ್ದು 1911ರ ಆಗಸ್ಟ್ 24ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಮನೆಯವರು ಇಟ್ಟ ಹೆಸರು ಗ್ಯೋಜೋ ಬ್ರೌನ್. ಯೆಹೂದಿ ಕುಟುಂಬ. ಆಗ ಆ ದೇಶದಲ್ಲಿ ಯೆಹೂದಿಗಳ ಮೇಲೆ ದ್ವೇಷ ಏರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಸೋತು, ನೆಲದ ದೊಡ್ಡ ಭಾಗವನ್ನು ಕಳೆದುಕೊಂಡ ಹಂಗೇರಿ ತನ್ನ ಸಿಟ್ಟನ್ನು ತೀರಿಸಿಕೊಂಡದ್ದು ಯೆಹೂದಿಗಳ ಮೇಲೆ. 1920ರಲ್ಲಿ ಅಲ್ಲಿ ಒಂದು ಕಾನೂನು ಬಂತು. ವಿಶ್ವವಿದ್ಯಾಲಯಗಳಲ್ಲಿ ಯೆಹೂದಿ ವಿದ್ಯಾರ್ಥಿಗಳ ಪ್ರವೇಶಕ್ಕೆ ಜನಸಂಖ್ಯೆಯ ಲೆಕ್ಕದಲ್ಲಿ, ಸುಮಾರು ಶೇ 6ರ ಮಿತಿ ಹಾಕಿತು ಆ ಕಾನೂನು. ಆಗ ಗ್ಯೋಜೋಗೆ ಒಂಬತ್ತು ವರ್ಷ. ಅಂದರೆ ಆ ಹುಡುಗ ಬೆಳೆಯುವಾಗಲೇ ಓದಿ ಮೇಲೆ ಬರುವ ಬಾಗಿಲು ಅರ್ಧ ಮುಚ್ಚಿತ್ತು.

ಬ್ರೌನ್ ಎನ್ನುವುದು ಜರ್ಮನ್ ಧಾಟಿಯ ಹೆಸರು, ಕಂದು ಬಣ್ಣ ಎಂದು ಅರ್ಥ. ಹಂಗೇರಿಯನ್ ಭಾಷೆಯಲ್ಲಿ ಕಂದು ಬಣ್ಣಕ್ಕೆ ಬಾರ್ನಾ ಅನ್ನುತ್ತಾರೆ. ಯೆಹೂದಿ ಎಂದು ಹೆಸರಿನಿಂದಲೇ ಗುರುತಿಸಿ ದೂರ ಇಡುವ ಕಾಲದಲ್ಲಿ ಹುಡುಗ ಬ್ರೌನ್ ತೆಗೆದು ಬಾರ್ನಾ ಎಂದು ಇಟ್ಟುಕೊಂಡ. ಗ್ಯೋಜೋ ಎಂದರೆ ಗೆಲ್ಲುವವನು. ಹೊರದೇಶದವರ ನಾಲಿಗೆಗೆ ಅದು ವಿಕ್ಟರ್ ಆಯಿತು. ಹೀಗೆ ಗ್ಯೋಜೋ ಬ್ರೌನ್ ಹೋಗಿ ವಿಕ್ಟರ್ ಬಾರ್ನಾ ಬಂದರು. ಅರ್ಥ ಮಾತ್ರ ಹಾಗೇ ಉಳಿಯಿತು.

ಅವರ ಕೈಗೆ ಬಂದ ಆಟಕ್ಕೂ ಆಗ ಹೇಳಿಕೊಳ್ಳುವಂಥ ಮರ್ಯಾದೆ ಇರಲಿಲ್ಲ. ಟೇಬಲ್ ಟೆನಿಸ್ ಹುಟ್ಟಿದ್ದು ಇಂಗ್ಲೆಂಡಿನ ಶ್ರೀಮಂತರ ಮನೆಗಳಲ್ಲಿ, ಊಟವಾದ ಮೇಲೆ ಹೊತ್ತು ಕಳೆಯಲು ಆಡುವ ಆಟವಾಗಿ. 1926ರಲ್ಲಿ ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್ ಶುರುವಾಯಿತು. ಐವರ್ ಮಾಂಟಗು ಎನ್ನುವ ಇಂಗ್ಲಿಷ್ ಯುವಕ ಅದರ ಮೊದಲ ಅಧ್ಯಕ್ಷರಾದರು, 1967ರವರೆಗೂ ಆ ಸ್ಥಾನದಲ್ಲಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಇಂಗ್ಲೆಂಡಿನಲ್ಲಿದ್ದ ಭಾರತೀಯರು ಸೇರಿ ಆ ಮೊದಲ ಕೂಟದಲ್ಲೇ ಭಾರತದ ತಂಡ ಆಡಿತ್ತು ಎಂಬುದು ನಮಗೆ ಹೆಮ್ಮೆಯ ವಿಷಯ. ತಂಡ ವಿಭಾಗದ ಸ್ವೇತ್ಲಿಂಗ್ ಕಪ್ಪನ್ನು ಕೊಟ್ಟವರು ಮಾಂಟಗು ಅವರ ತಾಯಿ. ಆ ಕಪ್ಪನ್ನು ಮೊದಲ ಸಲ ಗೆದ್ದದ್ದು ಹಂಗೇರಿ.

ಆಗ ಬಾರ್ನಾಗೆ ಹದಿನೈದು ವರ್ಷ. ಬುಡಾಪೆಸ್ಟ್‌ನಲ್ಲಿ ಒಳ್ಳೆಯ ಆಟಗಾರರ ಒಂದು ಗುಂಪೇ ಬೆಳೆಯುತ್ತಿತ್ತು. ಮಿಕ್ಲೋಷ್ ಸಾಬಾಡೋಷ್, ಲಾಸ್ಲೋ ಬೆಲಾಕ್, ಶಾಂಡೋರ್ ಗ್ಲಾನ್ಸ್, ಮಹಿಳೆಯರಲ್ಲಿ ಮರಿಯಾ ಮೆಡ್ನ್ಯಾನ್ಸ್ಕಿ, ಅನ್ನಾ ಶಿಪೋಷ್. ಜಗತ್ತಿನ ಅತ್ಯುತ್ತಮ ಆಟಗಾರರ ಜೊತೆ ದಿನಾ ಅಭ್ಯಾಸ ಮಾಡಲು ಅವರು ಊರು ಬಿಟ್ಟು ಹೋಗಬೇಕಾಗಿರಲಿಲ್ಲ. ನಾವು ಒಬ್ಬೊಬ್ಬರ ಪ್ರತಿಭೆಯ ಬಗ್ಗೆ ತುಂಬಾ ಮಾತಾಡುತ್ತೇವೆ. ಪಕ್ಕದ ಮೇಜಿನಲ್ಲಿ ಯಾರು ಆಡುತ್ತಿದ್ದಾರೆ ಎಂಬುದೂ ಅಷ್ಟೇ ಮುಖ್ಯ ಎಂದು ನನಗೆ ಇಲ್ಲಿ ಅನ್ನಿಸಿತು.

ಏಳು ವರ್ಷ, ಇಪ್ಪತ್ತು ಪ್ರಶಸ್ತಿ

1929ರ ಜನವರಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ಬುಡಾಪೆಸ್ಟ್‌ಗೇ ಬಂತು. ಬಾರ್ನಾ ಆಗ ಹದಿನೇಳರ ಹುಡುಗ. ತಂಡದ ಪ್ರಶಸ್ತಿ ಗೆದ್ದರು, ಸಾಬಾಡೋಷ್ ಜೊತೆ ಡಬಲ್ಸ್ ಕೂಡ ಗೆದ್ದರು. ಸಿಂಗಲ್ಸ್ ಮಾತ್ರ ಹಂಗೇರಿಯ ಕೈತಪ್ಪಿತು. ಫೈನಲ್‌ನಲ್ಲಿ ಸಾಬಾಡೋಷ್ ಅವರನ್ನು ಸೋಲಿಸಿದವರು ಇಂಗ್ಲೆಂಡಿನ ಫ್ರೆಡ್ ಪೆರಿ. ಹೌದು, ಮುಂದೆ ವಿಂಬಲ್ಡನ್ ಅನ್ನು ಸತತ ಮೂರು ಸಲ ಗೆದ್ದ ಅದೇ ಪೆರಿ. ಅವರ ಹೆಸರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಇನ್ನೊಮ್ಮೆ ಬರುತ್ತದೆ.

1930ರಲ್ಲಿ ಬರ್ಲಿನ್‌ನಲ್ಲಿ ಬಾರ್ನಾ ಮೊದಲ ಸಲ ಸಿಂಗಲ್ಸ್ ವಿಶ್ವ ಚಾಂಪಿಯನ್ ಆದರು. ಮರುವರ್ಷ ಊರಿನಲ್ಲೇ, ಫೈನಲ್‌ನಲ್ಲಿ ತಮ್ಮ ಡಬಲ್ಸ್ ಜೊತೆಗಾರ ಸಾಬಾಡೋಷ್ ಎದುರು ಸೋತರು. ಆಮೇಲೆ 1932ರಿಂದ 1935ರವರೆಗೆ ಸತತ ನಾಲ್ಕು ಸಲ ಸಿಂಗಲ್ಸ್ ಪ್ರಶಸ್ತಿ ಅವರದೇ: ಪ್ರಾಗ್, ವಿಯೆನ್ನಾ ಬಳಿಯ ಬಾಡೆನ್, ಪ್ಯಾರಿಸ್, ಲಂಡನ್. ಪುರುಷರ ಡಬಲ್ಸ್ 1929ರಿಂದ 1935ರವರೆಗೆ ಏಳು ಸಲವೂ ಅವರ ಪಾಲಾಯಿತು. 1933ರಲ್ಲಿ ಗ್ಲಾನ್ಸ್ ಜೊತೆ, ಉಳಿದ ಆರು ಸಲ ಸಾಬಾಡೋಷ್ ಜೊತೆ. ಅನ್ನಾ ಶಿಪೋಷ್ ಜೊತೆ ಎರಡು ಮಿಶ್ರ ಡಬಲ್ಸ್. ತಂಡದ ಪ್ರಶಸ್ತಿ ಆರು. ಕೂಡಿ ನೋಡಿ, ಇಪ್ಪತ್ತಾಯಿತು.

ಅವರ ಆಟದ ಬಗೆಯನ್ನೂ ಸ್ವಲ್ಪ ಹೇಳಬೇಕು. ಈಗಿನ ಬ್ಯಾಟ್‌ನಲ್ಲಿ ರಬ್ಬರ್ ಕೆಳಗೆ ಸ್ಪಾಂಜ್ ಇರುತ್ತದೆ, ಚೆಂಡು ಚಿಮ್ಮಿ ಹಾರುತ್ತದೆ. ಆಗಿನ ಬ್ಯಾಟ್‌ಗೆ ಮರದ ಮೇಲೆ ಬರೀ ಗುಳ್ಳೆಗುಳ್ಳೆ ರಬ್ಬರ್, ಅಷ್ಟೇ. ಚೆಂಡಿಗೆ ವೇಗ ಬೇಕೆಂದರೆ ಕೈಯೇ ಕೊಡಬೇಕು. ಅದಕ್ಕೇ ಹೆಚ್ಚಿನವರು ಮೇಜಿನಿಂದ ದೂರ ನಿಂತು ಚೆಂಡನ್ನು ವಾಪಸು ಕಳಿಸುತ್ತಾ ಎದುರಾಳಿ ತಪ್ಪು ಮಾಡಲಿ ಎಂದು ಕಾಯುತ್ತಿದ್ದರು. ಬಾರ್ನಾಗೂ ರಕ್ಷಣೆಯ ಆಟ ಚೆನ್ನಾಗಿಯೇ ಗೊತ್ತಿತ್ತು. ಆದರೆ ಅವರಲ್ಲಿ ಇನ್ನೊಂದು ಅಸ್ತ್ರವಿತ್ತು. ಬ್ಯಾಕ್‌ಹ್ಯಾಂಡ್ ಕಡೆ ಬಂದ ಚೆಂಡನ್ನು ಮೊಣಕೈ ಮತ್ತು ಮಣಿಕಟ್ಟಿನ ಒಂದೇ ಝಾಡಿನಲ್ಲಿ ಹೊಡೆದುಬಿಡುವುದು. ದೊಡ್ಡ ಬೀಸು ಇಲ್ಲ, ಎದುರಿನವರಿಗೆ ಮುನ್ಸೂಚನೆ ಇಲ್ಲ. ಅದಕ್ಕೆ ಬಾರ್ನಾ ಫ್ಲಿಕ್ ಎಂದೇ ಹೆಸರು ಬಿತ್ತು. ಬ್ಯಾಕ್‌ಹ್ಯಾಂಡ್ ಎಂದರೆ ತಡೆಯುವುದಕ್ಕೆ ಎಂದುಕೊಂಡಿದ್ದ ಜನರಿಗೆ ಅದರಿಂದಲೇ ಪಾಯಿಂಟ್ ಗೆಲ್ಲಬಹುದೆಂದು ಅವರು ತೋರಿಸಿದರು. ನನ್ನ ಹಾಲ್‌ಗೆ ಬರುವ ಮಕ್ಕಳಲ್ಲಿ ಬ್ಯಾಕ್‌ಹ್ಯಾಂಡ್‌ಗೆ ಹೆದರುವವರೇ ಹೆಚ್ಚು. ಚೆಂಡು ಆ ಕಡೆ ಬಂದರೆ ಓಡಿ ಹೋಗಿ ಫೋರ್‌ಹ್ಯಾಂಡ್ ಹೊಡೆಯಲು ನೋಡುತ್ತಾರೆ. ಅವರಿಗೆ ಈಗ ಬಾರ್ನಾ ಕತೆ ಹೇಳುತ್ತೇನೆ.

1935ರ ಫೆಬ್ರವರಿಯಲ್ಲಿ ಲಂಡನ್‌ನಲ್ಲಿ ಅವರು ಶಿಖರ ಮುಟ್ಟಿದರು. ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್, ತಂಡ: ಆಡಲು ಸಾಧ್ಯವಿದ್ದ ನಾಲ್ಕೂ ವಿಭಾಗಗಳಲ್ಲಿ ಚಾಂಪಿಯನ್.

ಆಮೇಲೆ ಮೇ ತಿಂಗಳು ಬಂತು. ಫ್ರಾನ್ಸ್‌ನಲ್ಲಿ ಕಾರು ಅಪಘಾತ. ಬಲಗೈ ಮೂಳೆ ಕೆಟ್ಟದಾಗಿ ಮುರಿಯಿತು. ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಕೈಯೊಳಗೆ ಪ್ಲಾಟಿನಂ ಪಟ್ಟಿ ಕೂರಿಸಿದರು.

ಪ್ರಶಸ್ತಿ ಹೋದ ಮೇಲೆ

ಸ್ಫೂರ್ತಿ ತುಂಬುವ ಭಾಷಣಗಳಲ್ಲಿ ಇಂಥ ಕತೆ ಹೇಗೆ ಮುಗಿಯುತ್ತದೆ ಎಂದು ನಿಮಗೂ ಗೊತ್ತು. ಕೈ ಮುರಿದವನು ಹಟ ಹಿಡಿದು ಅಭ್ಯಾಸ ಮಾಡಿ ಮತ್ತೆ ವಿಶ್ವ ಚಾಂಪಿಯನ್ ಆಗುತ್ತಾನೆ, ಚಪ್ಪಾಳೆ ಬೀಳುತ್ತದೆ. ಬಾರ್ನಾ ವಿಷಯದಲ್ಲಿ ಹಾಗಾಗಲಿಲ್ಲ. ಸಿಂಗಲ್ಸ್ ವಿಶ್ವ ಪ್ರಶಸ್ತಿ ಅವರಿಗೆ ಮತ್ತೆಂದೂ ಸಿಗಲಿಲ್ಲ. 1936ರಲ್ಲಿ ಅದು ಚೆಕೊಸ್ಲೊವಾಕಿಯಾದ ಸ್ಟಾನಿಸ್ಲಾವ್ ಕೋಲಾರ್ ಪಾಲಾಯಿತು. 1937ರಲ್ಲಿ ಇನ್ನೂ ಇಪ್ಪತ್ತು ತುಂಬದ, ವಿಯೆನ್ನಾದ ರಿಚರ್ಡ್ ಬರ್ಗ್‌ಮನ್ ಗೆದ್ದರು.

ಆ ಹೊತ್ತಿಗೆ ಆಟವೇ ಒಂದು ಬಿಕ್ಕಟ್ಟಿನಲ್ಲಿತ್ತು. 1936ರ ಪ್ರಾಗ್ ಕೂಟದಲ್ಲಿ ಪೋಲೆಂಡಿನ ಅಲೋಯ್ಜಿ ಎರ್ಲಿಚ್ ಮತ್ತು ರುಮೇನಿಯಾದ ಫರ್ಕಾಸ್ ಪನೆತ್ ಆಡಿದ ಒಂದೇ ಒಂದು ಪಾಯಿಂಟ್ ಎರಡು ಗಂಟೆಗೂ ಹೆಚ್ಚು ಹೊತ್ತು ನಡೆಯಿತು. ಇಬ್ಬರೂ ಹೊಡೆಯಲೊಲ್ಲರು, ಸುಮ್ಮನೆ ತಳ್ಳುತ್ತಾ ನಿಂತರು. ಇಂಥದ್ದನ್ನು ಯಾರು ಕಾಸು ಕೊಟ್ಟು ನೋಡುತ್ತಾರೆ? ಇಂಥ ಪಂದ್ಯಗಳಿಂದಾಗಿ ನೆಟ್‌ನ ಎತ್ತರವನ್ನು ಆರೂಮುಕ್ಕಾಲು ಇಂಚಿನಿಂದ ಆರು ಇಂಚಿಗೆ ಇಳಿಸಿದರು, ಪಂದ್ಯಕ್ಕೆ ಸಮಯದ ಮಿತಿಯನ್ನೂ ತಂದರು. ನಾವೀಗ ಆಡುವ ನೆಟ್ ಆ ಆರು ಇಂಚಿನದೇ.

ಬಾರ್ನಾ ಆಟ ಬಿಡಲಿಲ್ಲ. 1938ರಲ್ಲಿ ಲಂಡನ್‌ನಲ್ಲಿ ಹಂಗೇರಿ ಸ್ವೇತ್ಲಿಂಗ್ ಕಪ್ ಗೆದ್ದಾಗ ಅವರು ತಂಡದಲ್ಲಿದ್ದರು. 1939ರಲ್ಲಿ ಕೈರೋದಲ್ಲಿ ಡಬಲ್ಸ್ ಗೆದ್ದರು. ಜೊತೆಗಾರ ಅದೇ ಬರ್ಗ್‌ಮನ್. ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ ಬರ್ಗ್‌ಮನ್ ಇಂಗ್ಲೆಂಡ್ ಸೇರಿದ್ದರು, ಅವರೂ ಯೆಹೂದಿ. ಹುಟ್ಟಿದ ಊರಿನಲ್ಲಿ ಬದುಕಲಾಗದ ಇಬ್ಬರು ಮೇಜಿನ ಒಂದೇ ಬದಿಯಲ್ಲಿ ನಿಂತು ಗೆದ್ದ ಪ್ರಶಸ್ತಿ ಅದು. ಒಟ್ಟು 22 ವಿಶ್ವ ಪ್ರಶಸ್ತಿಗಳಲ್ಲಿ 20 ಅಪಘಾತಕ್ಕೆ ಮೊದಲು, ಎರಡು ಆಮೇಲೆ. ಲೆಕ್ಕ ಸ್ಪಷ್ಟವಾಗಿದೆ. ಆದರೆ ಆ ಎರಡರ ತೂಕ ನನಗೆ ಬೇರೆಯಾಗಿ ಕಾಣುತ್ತದೆ. ಎರಡೂ ಇನ್ನೊಬ್ಬರ ಜೊತೆ ಸೇರಿ ಗೆದ್ದವು. ಒಬ್ಬರೇ ಎಲ್ಲರನ್ನೂ ಸೋಲಿಸುವ ಶಕ್ತಿ ಕೈಯಲ್ಲಿ ಉಳಿದಿರದಿದ್ದಾಗ, ಜೊತೆಗಾರನಿಗೆ ಉಪಯೋಗವಾಗುವಷ್ಟು ಆಟ ಇನ್ನೂ ಉಳಿದಿತ್ತು.

ಕಾಸು ಎಲ್ಲಿಂದ ಬರುತ್ತಿತ್ತು?

ಈಗ ನಮ್ಮ ಪ್ರಶ್ನೆಗೆ ಬರೋಣ. ವಿಶ್ವ ಚಾಂಪಿಯನ್‌ಷಿಪ್ ಗೆದ್ದರೆ ಜೀವನ ಸಾಗುವಷ್ಟು ಬಹುಮಾನ ಸಿಗುವ ಕಾಲ ಅದಾಗಿರಲಿಲ್ಲ. ಸರ್ಕಾರಿ ಕ್ರೀಡಾ ಕೋಟಾ, ಟಿ.ವಿ. ಜಾಹೀರಾತು ಯಾವುದೂ ಇರಲಿಲ್ಲ. ಬಾರ್ನಾ ಮತ್ತು ಗೆಳೆಯರು ಹಣ ಸಂಪಾದಿಸಿದ್ದು ಮುಖ್ಯವಾಗಿ ಪ್ರದರ್ಶನ ಪಂದ್ಯಗಳಿಂದ. ಇಬ್ಬರು ಮೂವರು ಸೇರಿ ದೇಶದಿಂದ ದೇಶಕ್ಕೆ ತಿರುಗುವುದು, ಕ್ಲಬ್‌ಗಳಲ್ಲಿ, ರಂಗಮಂದಿರಗಳಲ್ಲಿ ಮೇಜು ಹಾಕಿ ಆಡಿ ತೋರಿಸುವುದು. ನಮ್ಮ ಕಂಪನಿ ನಾಟಕದವರು ಊರೂರು ತಿರುಗಿದ ಹಾಗೆಯೇ. ಬೆಲಾಕ್ ಅಂತೂ ಆಟದ ಮಧ್ಯೆ ಹಾಸ್ಯ ಬೆರೆಸಿ ಜನರನ್ನು ನಗಿಸುವುದರಲ್ಲಿ ಹೆಸರುವಾಸಿ.

ಇಲ್ಲಿ ಟೇಬಲ್ ಟೆನಿಸ್‌ನವರು ಮಾಡಿದ ಒಂದು ದೊಡ್ಡ ಕೆಲಸವನ್ನು ಹೇಳಲೇಬೇಕು. ಆ ಕಾಲದ ಹೆಚ್ಚಿನ ಕ್ರೀಡೆಗಳಲ್ಲಿ ಆಡಿ ಹಣ ತೆಗೆದುಕೊಂಡರೆ ಜಾತಿಯಿಂದ ಹೊರಗೆ ಹಾಕಿದ ಹಾಗೆ. ಫ್ರೆಡ್ ಪೆರಿ 1936ರ ಕೊನೆಗೆ ವೃತ್ತಿಪರ ಆಟಗಾರರಾದ ಕೂಡಲೇ ಅವರಿಗೆ ವಿಂಬಲ್ಡನ್ ಬಾಗಿಲು ಮುಚ್ಚಿತು. ಟೆನಿಸ್‌ನಲ್ಲಿ ಆ ಗೋಡೆ ಬಿದ್ದದ್ದು 1968ರಲ್ಲಿ. ಟೇಬಲ್ ಟೆನಿಸ್ ಫೆಡರೇಷನ್ ಮಾತ್ರ ಮೂವತ್ತರ ದಶಕದಲ್ಲೇ ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನು ತೆಗೆದುಹಾಕಿ ಎಲ್ಲರನ್ನೂ ಬರೀ ಆಟಗಾರರು ಎಂದು ಕರೆಯಿತು. ಮನೆಯಲ್ಲಿ ಆಸ್ತಿ ಇರುವವನು ಮಾತ್ರ ಹವ್ಯಾಸಿಯಾಗಿ ಉಳಿಯಬಲ್ಲ. ಇಲ್ಲದವನು ಆಟದಿಂದಲೇ ಅನ್ನ ಹುಟ್ಟಿಸಿಕೊಳ್ಳಬೇಕು. ಬಾರ್ನಾ ಥರದವರು ಪ್ರದರ್ಶನಕ್ಕೆ ಹಣ ಪಡೆದೂ ವಿಶ್ವ ಚಾಂಪಿಯನ್‌ಷಿಪ್ ಆಡಲು ಸಾಧ್ಯವಾದದ್ದು ಈ ಒಂದು ನಿಯಮದಿಂದ.

ಅವರ ಜೊತೆಗಾರರ ದಾರಿಗಳನ್ನೂ ನೋಡಿ. ಸಾಬಾಡೋಷ್ ದೂರದ ಆಸ್ಟ್ರೇಲಿಯಾಕ್ಕೆ ಹೋಗಿ ಸಿಡ್ನಿಯಲ್ಲಿ ನೆಲೆಸಿ ಆಟ ಕಲಿಸಿದರು, 1962ರಲ್ಲಿ ಅಲ್ಲೇ ತೀರಿಕೊಂಡರು. ಬೆಲಾಕ್ ಅಮೆರಿಕ ಸೇರಿದರು. ಬರ್ಗ್‌ಮನ್ ನಾಲ್ಕು ಸಲ ಸಿಂಗಲ್ಸ್ ವಿಶ್ವ ಚಾಂಪಿಯನ್ ಆಗಿ, ಆಮೇಲೆ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡದ ಜೊತೆ ಊರೂರು ಸುತ್ತಿ, ಅವರ ಪಂದ್ಯದ ಬಿಡುವಿನಲ್ಲಿ ಟೇಬಲ್ ಟೆನಿಸ್ ಆಡಿ ತೋರಿಸಿದರು. ಒಂದೇ ಆಟ ಗೊತ್ತಿದ್ದ ನಾಲ್ಕು ಜನ ನಾಲ್ಕು ರೀತಿಯಲ್ಲಿ ಬದುಕಿದರು. ನಮ್ಮಲ್ಲಿ ಕೆಲಸ ಎಂದರೆ ಒಂದು ಹುದ್ದೆ, ಒಂದು ಆದೇಶ ಪತ್ರ. ಅವರಿಗೆ ಅಂಥ ಪತ್ರ ಕೊಡುವವರು ಯಾರೂ ಇರಲಿಲ್ಲ.

ಯುದ್ಧಕ್ಕೆ ಹೊರಟ ಚಾಂಪಿಯನ್

1939ರ ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಬಾರ್ನಾ ಪತ್ನಿಯ ಜೊತೆ ಅಮೆರಿಕದಲ್ಲಿದ್ದರು. ಒಬ್ಬ ಯೆಹೂದಿಗೆ ಆಗ ಅದಕ್ಕಿಂತ ಸುರಕ್ಷಿತ ಜಾಗ ಇನ್ನೊಂದಿರಲಿಲ್ಲ. ಯುರೋಪಿನಿಂದ ಅಮೆರಿಕಕ್ಕೆ ಹಡಗು ಹತ್ತಲು ಜನ ಮನೆಮಠ ಮಾರುತ್ತಿದ್ದ ದಿನಗಳವು. ಬಾರ್ನಾ ಇಂಗ್ಲೆಂಡಿಗೆ ವಾಪಸು ಬಂದರು, ಬ್ರಿಟಿಷ್ ಸೇನೆ ಸೇರಿದರು, ಪ್ಯಾರಾಟ್ರೂಪರ್ ಆದರು. ಯುಗೊಸ್ಲಾವಿಯಾದಲ್ಲಿ ಹೋರಾಡಿದರು. ಕೈಯಲ್ಲಿ ಲೋಹದ ಪಟ್ಟಿ ಇಟ್ಟುಕೊಂಡವರು ವಿಮಾನದಿಂದ ಜಿಗಿದರು ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಅವರು ವಾಪಸು ಬಂದದ್ದು ಯಾಕೆ ಎಂದು ಊಹಿಸಲು ಕಷ್ಟವಿಲ್ಲ. 1944ರ ಮೇ ಮತ್ತು ಜುಲೈ ನಡುವೆ ಹಂಗೇರಿಯಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಯೆಹೂದಿಗಳನ್ನು ರೈಲಿನಲ್ಲಿ ತುಂಬಿ ಸಾಗಿಸಿದರು. ಹೆಚ್ಚಿನವರು ಹೋದದ್ದು ಆಶ್‌ವಿಟ್ಜ್‌ಗೆ. ಹದಿಹರೆಯದಲ್ಲಿ ಹೆಸರು ಬದಲಿಸಿ ಪಾರಾಗಲು ನೋಡಿದ್ದ ದ್ವೇಷ ಎಲ್ಲಿಗೆ ಮುಟ್ಟಿತು ನೋಡಿ. ನಾವು ಅವರನ್ನು ಆಟಗಾರ ಎಂದಷ್ಟೇ ನೆನೆದರೆ ಅವರ ಬದುಕಿನ ಈ ಭಾಗ ಕಾಣುವುದೇ ಇಲ್ಲ. ಆಡುವ ವಯಸ್ಸಿನ ಆರು ವರ್ಷ ಯುದ್ಧಕ್ಕೆ ಹೋಯಿತು. 1939ರಿಂದ 1947ರವರೆಗೆ ವಿಶ್ವ ಚಾಂಪಿಯನ್‌ಷಿಪ್ ನಡೆಯಲೇ ಇಲ್ಲ. ಅದು ಮತ್ತೆ ಶುರುವಾಗುವಾಗ ಬಾರ್ನಾಗೆ ಮೂವತ್ತೈದು.

ಎರಡನೇ ಇನಿಂಗ್ಸ್

ಯುದ್ಧದ ನಂತರ ಅವರು ಇಂಗ್ಲೆಂಡಿನಲ್ಲೇ ಉಳಿದು, ಬ್ರಿಟಿಷ್ ಪ್ರಜೆಯಾದರು, ಇಂಗ್ಲೆಂಡ್ ಪರವಾಗಿ ಆಡಿದರು. ಅಷ್ಟರಲ್ಲಿ ಆಟ ಮತ್ತೆ ಹೊರಳಿತು. 1952ರಲ್ಲಿ ಮುಂಬೈನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು, ಏಷ್ಯಾದಲ್ಲಿ ಅದೇ ಮೊದಲು. ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಾಂಜ್ ಅಂಟಿಸಿದ ಬ್ಯಾಟ್ ತಂದು ಸಿಂಗಲ್ಸ್ ಗೆದ್ದರು. ಆ ಬ್ಯಾಟ್‌ನಿಂದ ಚೆಂಡು ಹೊರಡುವಾಗ ಸದ್ದೇ ಬರುತ್ತಿರಲಿಲ್ಲ. ಸದ್ದು ಕೇಳಿ ಹೊಡೆತ ಅಳೆಯುತ್ತಿದ್ದ ಹಳಬರು ತಬ್ಬಿಬ್ಬಾದರು. 1959ರಲ್ಲಿ ಫೆಡರೇಷನ್ ಬ್ಯಾಟ್‌ನ ರಬ್ಬರ್ ಮತ್ತು ಸ್ಪಾಂಜ್ ಎಷ್ಟು ದಪ್ಪವಿರಬೇಕೆಂದು ನಿಯಮ ಮಾಡುವ ಹೊತ್ತಿಗೆ ಬಾರ್ನಾ ಕಾಲದ ಆಟ ಬಹುಪಾಲು ಮುಗಿದಿತ್ತು. ತಾನು ಜೀವ ತೇದು ಕಲಿತ ವಿದ್ಯೆ ಕಣ್ಣೆದುರೇ ಹಳತಾಗುವುದು ಎಂದರೆ ಇದೇ. ಈಗ ಸಾಫ್ಟ್‌ವೇರ್ ಕಲಿತ ನಮ್ಮ ಗೆಳೆಯರು ಪ್ರತಿ ವರ್ಷ ಹೆದರುವುದೂ ಇದಕ್ಕೇ.

ಅವರು ಡನ್‌ಲಪ್ ಕಂಪನಿಯ ಕ್ರೀಡಾ ಸಾಮಗ್ರಿ ವಿಭಾಗದಲ್ಲಿ ಕೆಲಸಕ್ಕಿದ್ದರು. ಅವರ ಹೆಸರಿನ ಬ್ಯಾಟು, ಚೆಂಡು ದೇಶದೇಶಗಳಿಗೆ ಹೋದವು. ಆಟದ ಬಗ್ಗೆ ಪುಸ್ತಕ ಬರೆದರು. ಕಂಪನಿಯ ಪರವಾಗಿ ಊರಿಂದೂರಿಗೆ ಹೋಗಿ ಆಟ ತೋರಿಸುತ್ತಾ, ಹೇಳಿಕೊಡುತ್ತಾ, ಸಾಮಗ್ರಿಯನ್ನೂ ಪರಿಚಯಿಸುತ್ತಿದ್ದರು. ಹಳೆಯ ಪ್ರದರ್ಶನ ಪಂದ್ಯಗಳ ಅನುಭವ ಇಲ್ಲಿ ಹೊಸ ರೂಪದಲ್ಲಿ ಕೈಹಿಡಿಯಿತು. 1967ರಲ್ಲಿ ವಿಶ್ವ ಮಟ್ಟದಲ್ಲಿ ಆಡಿದ ಹಳೆಯ ಆಟಗಾರರನ್ನು ಒಂದುಗೂಡಿಸುವ ಸ್ವೇತ್ಲಿಂಗ್ ಕ್ಲಬ್ ಹುಟ್ಟಲು ಕಾರಣರಾದವರಲ್ಲಿ ಅವರೂ ಒಬ್ಬರು. ಆಡುವುದು ನಿಂತ ಮೇಲೆ ಆಟಗಾರರಿಗೆ ಎಲ್ಲರೂ ಮರೆತುಬಿಟ್ಟ ಹಾಗಾಗುತ್ತದಲ್ಲ, ಆ ಒಂಟಿತನ ಅವರಿಗೆ ಗೊತ್ತಿದ್ದಿರಬೇಕು. ಆ ಕ್ಲಬ್ ಈಗಲೂ ಇದೆ.

1972ರ ಫೆಬ್ರವರಿ ಕೊನೆಯಲ್ಲಿ ಡನ್‌ಲಪ್ ಕೆಲಸದ ಮೇಲೆ ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಹೋಗಿದ್ದಾಗ, ಲಿಮಾ ನಗರದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅರವತ್ತು ವರ್ಷ ಆಗಿತ್ತು. ಸಾಯುವಾಗಲೂ ಟೇಬಲ್ ಟೆನಿಸ್ ಕೆಲಸದ ಮೇಲೇ ಇದ್ದರು. ಟೇಬಲ್ ಟೆನಿಸ್ ಒಲಿಂಪಿಕ್ಸ್ ಸೇರಿದ್ದು 1988ರಲ್ಲಿ, ಸೋಲ್‌ನಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ. 1993ರಲ್ಲಿ ಫೆಡರೇಷನ್ ತನ್ನ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರು ಸೇರಿಸಿತು.

ನಾನು ಲೆಕ್ಕ ಹಾಕಿದ್ದು

ಈ ಜೀವನವನ್ನು ಓದಿ ಮುಗಿಸಿದ ಮೇಲೆ ಒಂದು ಹಾಳೆಯಲ್ಲಿ ಗೆರೆ ಎಳೆದು ಲೆಕ್ಕ ಹಾಕಿದೆ. ಬಿ.ಕಾಂ. ಓದಿದ್ದಕ್ಕೆ ಅಷ್ಟಾದರೂ ಬೇಡವೇ? ಬಾರ್ನಾ ಸಿಂಗಲ್ಸ್ ಚಾಂಪಿಯನ್ ಆಗಿ ಮೆರೆದದ್ದು ಐದಾರು ವರ್ಷ. ಟೇಬಲ್ ಟೆನಿಸ್‌ನಿಂದ ಬದುಕಿದ್ದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಾಲ. ಹೆಸರು ತಂದುಕೊಟ್ಟದ್ದು ಆ ಕೆಲವು ವರ್ಷ ನಿಜ. ಆದರೆ ಅನ್ನ ಕೊಟ್ಟದ್ದು ಆಡಿ ತೋರಿಸುವುದು, ಕಲಿಸುವುದು, ಬರೆಯುವುದು, ಮಾರುವುದು. ಇವೆಲ್ಲ ಸೇರಿದರೇ ಅವರ ವೃತ್ತಿ ಪೂರ್ತಿಯಾಗುವುದು. ಒಂದು ಆಟ ಗೊತ್ತಿರುವವನಿಗೆ ಆ ಆಟದ ಸುತ್ತ ಎಷ್ಟು ಕೆಲಸಗಳಿವೆ ಎಂದು ನಾನು ಅದಕ್ಕೆ ಮೊದಲು ಎಣಿಸಿಯೇ ಇರಲಿಲ್ಲ.

ಇದನ್ನು ಓದಿ ಯಾರೂ ಪರೀಕ್ಷೆಯ ಪುಸ್ತಕ ಬದಿಗಿಟ್ಟು ಬ್ಯಾಟ್ ಹಿಡಿದು ಹೊರಡಬೇಕಿಲ್ಲ. 22 ಪ್ರಶಸ್ತಿ ಗೆದ್ದವರ ಹೆಸರು ಚೆಂಡಿನ ಮೇಲೆ ಅಚ್ಚಾಗುತ್ತದೆ, ವಿಶ್ವವಿದ್ಯಾಲಯ ಮಟ್ಟದಲ್ಲಿ ನಿಂತವನದ್ದು ಆಗುವುದಿಲ್ಲ. ಈ ವ್ಯತ್ಯಾಸವನ್ನು ಮರೆತು ಕನಸು ಕಾಣುವುದು ನನಗೂ ಬೇಡ, ನಿಮಗೂ ಬೇಡ. ಆದರೆ ನನಗೆ ಚೆನ್ನಾಗಿ ಬರುವ ಒಂದು ವಿದ್ಯೆಯನ್ನು ಟೈಂಪಾಸ್ ಎಂದು ಕರೆಯುವುದನ್ನು ನಿಲ್ಲಿಸಿದ್ದೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಇನ್ನೊಂದು ವರ್ಷ ಓದುತ್ತೇನೆ ಎಂದು ಅಪ್ಪನಿಗೆ ಹೇಳಿದ್ದೇನೆ. ಅದರ ಜೊತೆಗೇ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾಗೆ ಅರ್ಜಿ ಹಾಕುವ ತಯಾರಿಯೂ ನಡೆದಿದೆ. ದೈಹಿಕ ಪರೀಕ್ಷೆ ಇರುತ್ತದೆ, ಆದ್ದರಿಂದ ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಿದ್ದೇನೆ. ಅಪ್ಪ ಹೂಂ ಅನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಓಡುವ ಶೂ ಹಳತಾಗಿದೆ ಎಂದು ಮಾತ್ರ ಗಮನಿಸಿದರು.

ನಿಮ್ಮ ಕೈಯಲ್ಲೂ ಯಾವುದಾದರೂ ಒಂದು ವಿದ್ಯೆ ಇದ್ದೀತು. ತಬಲಾ ಇರಬಹುದು, ಬೈಕ್ ರಿಪೇರಿ ಇರಬಹುದು, ಫೋಟೊ ತೆಗೆಯುವುದು ಇರಬಹುದು. ಅದರ ಶಿಖರಕ್ಕೆ ಹೋಗುತ್ತೇವೋ ಇಲ್ಲವೋ ನಮಗೆ ಗೊತ್ತಿಲ್ಲ. ಆದರೆ ಅದರ ಸುತ್ತ ಇರುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಲು ಹತ್ತು ನಿಮಿಷ ಸಾಕು. ನನ್ನ ಹಾಳೆಯಲ್ಲಿ ಏಳು ಸಾಲುಗಳಾದವು. ಅದರಲ್ಲಿ ಮೂರು ನಮ್ಮ ಊರಿನಲ್ಲೇ ಆಗುವಂಥವು.